ಚೆನ್ನಾಗಿದ್ದೇನೆ ಎನ್ನುವ ರೋಗಿಯ ಪರವಾಗಿ ದೂರು

ಇಂದ,
ಹೊಲಿಗೆ ಅಂಗಡಿಯವನು,
ಸದರಿ ಕ್ಲಿನಿಕ್ಕಿನ ರೋಗಿಯೊಬ್ಬರ ಗಂಡ.

ಗೆ,
ದೂರು ಮತ್ತು ಅಭಿಪ್ರಾಯ ವಿಭಾಗದ ಮುಖ್ಯಸ್ಥರು,
(ಔಷಧಿ ಕೊಡುವ ಕಿಟಕಿಯ ಪಕ್ಕದ ಕುರ್ಚಿ).

ವಿಷಯ: ದೂರು ಕೊಡಲು ಒಪ್ಪದ ರೋಗಿಯ ದೂರನ್ನು ಸ್ವೀಕರಿಸುವ ಕುರಿತು.

ಉಲ್ಲೇಖ: ೧. ತಮ್ಮ ಗೋಡೆಯ ಫಲಕ: "ನಿಮ್ಮ ದೂರು ನಮಗೆ ಅಮೂಲ್ಯ."
೨. ಕಳೆದ ವಾರ ತಾವು ಬಾಯಿಮಾತಿನಲ್ಲಿ ಕೊಟ್ಟ ಉತ್ತರ: "ರೋಗಿಗೇ ಇಲ್ಲದ ಕಷ್ಟ ನಿಮಗೇನ್ರೀ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನ ಹೆಂಡತಿಗೆ ಕೆಲವು ತಿಂಗಳಿಂದ ಎದೆ ಹಿಡಿದಂತಾಗುತ್ತಿದೆ. ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನಿಂತು, ಗೋಡೆಯ ಬಣ್ಣ ನೋಡುತ್ತಿರುವಂತೆ ನಟಿಸುತ್ತಾರೆ. ಆ ಗೋಡೆ ಬಣ್ಣ ಕಂಡು ಯಾವ ಕಾಲವಾಯಿತೋ. ಕೇಳಿದರೆ "ಏನಿಲ್ಲ ಬಿಡ್ರೀ" ಎಂಬುದೊಂದೇ ಉತ್ತರ.

೨. ಆದ್ದರಿಂದ ಅರ್ಜಿದಾರನು ಅವರನ್ನು ಕಾಡಿ ಬೇಡಿ ತಮ್ಮಲ್ಲಿಗೆ ಕರೆತಂದನು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಹೇಗಿದ್ದೀರಮ್ಮ?" ಅಂದರು.

"ಚೆನ್ನಾಗಿದ್ದೀನಿ ಡಾಕ್ಟ್ರೇ. ನೀವೇ ಸೊರಗಿದ್ದೀರಲ್ಲ, ಊಟ ಆಯ್ತಾ?" ಎಂದು ರೋಗಿಯು ವಿಚಾರಿಸಿದರು. ಡಾಕ್ಟರು ಇನ್ನೂ ಇಲ್ಲವೆಂದರು.

"ಹಾಗಾದ್ರೆ ನಮ್ಮದೇನೂ ಅರ್ಜೆಂಟಿಲ್ಲ, ಮೊದಲು ಊಟ ಮಾಡಿ" ಎಂದು ರೋಗಿಯು ಎದ್ದೇಬಿಟ್ಟರು. ಆ ಕಾರಣ, ಎದೆಗೆ ಸ್ಟೆತಸ್ಕೋಪು ತಾಗಲಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ "ರೋಗಿ ಆರಾಮ" ಎಂದು ದಾಖಲಾಯಿತು. ಮುಂದಿನ ಸಲ ಡಾಕ್ಟರ ತಾಯಿಯ ಮಂಡಿನೋವು ಅಡ್ಡ ಬಂತು. ಅದಕ್ಕೆ ರೋಗಿಯೇ ಮದ್ದು ಹೇಳಿಬಂದರು. ಫೀಸು ಕೊಟ್ಟವನು ಅರ್ಜಿದಾರ.

೩. ಬಾಗಿಲ ಬಳಿ ಅಭಿಪ್ರಾಯ ತಿಳಿಸುವ ಯಂತ್ರವಿದೆ. ಅರ್ಜಿದಾರನು ಅದರ ಅಳುವ ಮುಖದ ಗುಂಡಿ ಒತ್ತಲು ಹೋದಾಗ ರೋಗಿಯು ಕೈ ಹಿಡಿದು, "ಸುಮ್ನಿರ್ರೀ, ಪಾಪ, ಆ ಡಾಕ್ಟ್ರ ಹುಡುಗನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ" ಎಂದು ತಾವೇ ನಗುವ ಮುಖ ಒತ್ತಿದರು. ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಒತ್ತಿದರು. ಈ ಕಾರಣದಿಂದಾಗಿ ತಮ್ಮ ದಾಖಲೆಯ ಪ್ರಕಾರ ಅತ್ಯಂತ ತೃಪ್ತ ರೋಗಿ ಅವರೇ.

೪. ಮೊನ್ನೆ ಬೆಳಿಗ್ಗೆ ರೋಗಿಯು ಒಲೆಯ ಮುಂದೆ ಹಾಗೆಯೇ ಕುಸಿದು ಕೂತರು. ತುಟಿ ಬಿಳಿಚಿಕೊಂಡಿತ್ತು. ಆಸ್ಪತ್ರೆಗೆ ನಡೆ ಎಂದರೆ, "ಡಾಕ್ಟ್ರೇ ಆರಾಮ ಅಂತ ಬರ್ಕೊಂಡಿದ್ದಾರಲ್ಲ, ನಿಮಗೆ ಅಂಗಡಿಗೆ ಹೊತ್ತಾಯ್ತು, ಹೊರಡಿ" ಎಂದರು. ರೋಗಿಯು ಹೇಳಿದ್ದನ್ನು ಡಾಕ್ಟರು ಬರೆದುಕೊಂಡರು, ಡಾಕ್ಟರು ಬರೆದದ್ದನ್ನು ರೋಗಿಯು ನಂಬಿದರು. ಮಧ್ಯೆ ಅರ್ಜಿದಾರನಿಗೆ ಹೆದರಿಕೆಯಾಗಿದೆ. ಇದನ್ನು ಅರ್ಜಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ಅವನಿಗೆ ತಿಳಿಯದು.

೫. ಗಂಡನ ದೂರಿಗೆ ರೋಗಿಯ ಸಹಿ ಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅದರಂತೆ ಸಹಿ ಪಡೆದು ಲಗತ್ತಿಸಿದೆ.

ಆದ್ದರಿಂದ, ಸದರಿ ರೋಗಿಯು "ಚೆನ್ನಾಗಿದ್ದೀನಿ" ಎಂದು ಹೇಳಿದಾಗಲೆಲ್ಲ ಅದನ್ನು ದೂರು ಎಂದೇ ಪರಿಗಣಿಸಿ, ಕೂಡಲೇ ಅವರ ಎದೆ ಪರೀಕ್ಷೆ ಮಾಡಿಸಬೇಕಾಗಿ ಪ್ರಾರ್ಥನೆ.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಅರ್ಜಿದಾರ

ಲಗತ್ತು:
೧. ಫೀಸಿನ ರಸೀದಿಗಳು.
೨. ರೋಗಿಯ ಒಪ್ಪಿಗೆ ಸಹಿ (ಡಾಕ್ಟರನ್ನು ಹೊಗಳಿ ಬರೆದ ಪತ್ರವೆಂದು ತಿಳಿದು, ಖುಷಿಯಿಂದ ಹಾಕಿದ್ದು).

ವಿಶೇಷ ಸೂಚನೆ: ರೋಗಿಯನ್ನು ಫೋನಿನಲ್ಲಿ ಕರೆಯುವಾಗ ಅವರ ಎದೆನೋವಿನ ಮಾತೆತ್ತಬಾರದಾಗಿ ಕೋರಿಕೆ. ಡಾಕ್ಟರು ಹೊಸ ಯಂತ್ರ ಕಲಿಯುತ್ತಿದ್ದಾರೆ, ಅಭ್ಯಾಸಕ್ಕೆ ಯಾರೂ ಸಿಗುತ್ತಿಲ್ಲ, ನಿಮ್ಮಿಂದ ಒಂದು ಉಪಕಾರ ಆಗಬೇಕು ಎಂದು ಹೇಳಿ. ಇವತ್ತೇ ಹೊರಟು ಬರುತ್ತಾಳೆ.