ಮಾವನ ಜೀಪೂ ನನ್ನ ಹೊಗೆ ಮಿಷನ್ನೂ

ಹೊಗೆ ಅಳೆಯೋ ಅಂಗಡಿ ಇಟ್ಟವನಿಗೆ ತಮಾಷೆ ಹುಡುಕ್ಕೊಂಡು ಹೋಗೋ ಕಷ್ಟ ಇಲ್ಲ ಕಣ್ರೀ. ಅದೇ ಗಾಡಿ ಹತ್ಕೊಂಡು ಬಾಗಿಲಿಗೆ ಬರುತ್ತೆ.

ಗಾಡಿಗಳಿಗೆಲ್ಲ ಹೊಗೆ ತಪಾಸಣೆ ಕಡ್ಡಾಯ ಅಂತ ಸರ್ಕಾರ ಬಿಗಿ ಮಾಡಿದ ಕಾಲ. ಅರಸೀಕೆರೆಯಲ್ಲಿ ನನ್ನ ಹೆಂಡತಿಯ ತಂದೆಯ ಕೊಬ್ಬರಿ ಮಂಡಿ ಇದೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಿಷನ್ನು ಇಟ್ಕೊಂಡು ಕೂತೆ. ಮಾವನಿಗೋ ಕಡ್ಡಾಯ ಅನ್ನೋ ಮಾತು ಕೇಳಿದ್ರೇ ಮೈ ಉರಿ. "ಇಟ್ಟಿಗೆ ಗೂಡಿಗಿಲ್ಲ, ಬೀಡಿ ಸೇದೋನಿಗಿಲ್ಲ, ನನ್ನ ಜೀಪಿಗೆ ಯಾಕ್ಲಾ ಟೆಸ್ಟು?" ಅಂತ ಎದುರಿನ ಟೀ ಅಂಗಡೀಲಿ ದಿನಾ ಗಲಾಟೆ. ನನಗೆ ಮಾತ್ರ ಮರ್ಯಾದೆಯಿಂದಲೇ ಹೇಳಿದ್ರು:

"ಅಳಿಯಂದ್ರೇ, ಆಯುಧಪೂಜೆವರೆಗೂ ನೋಡ್ತೀನಿ. ಯಾಪಾರ ಕುದುರಲಿಲ್ಲ ಅಂದ್ರೆ ಶೆಡ್ಡಿಗೆ ಕೊಬ್ಬರಿ ತುಂಬ್ತೀನಿ. ನೀವು ಬಂದು ನನ್ನ ಮಂಡೀಲಿ ಕೂತ್ಕೊಳಿ."

ಬೆಳಗಿನಿಂದ ಸಂಜೆವರೆಗೂ ಮಾವನ ಕಣ್ಣೆದುರು ಕೂರೋದು! ಅಯ್ಯೋ ಶಿವನೇ, ಅದಕ್ಕಿಂತ ಸೈಲೆನ್ಸರಿಗೆ ಮೂಗು ಕೊಟ್ಕೊಂಡು ಕೂರೋದು ವಾಸಿ ಅನ್ನಿಸ್ತು.

ಮೇಷ್ಟ್ರ ಭಾಷಣ

ಬೇಲೂರಲ್ಲಿ ಪಾಠ ಹೇಳಿ ರಿಟೈರಾಗಿ ಬಂದ ಮೇಷ್ಟ್ರೊಬ್ಬರು ನನ್ನ ಪರ ನಿಂತ್ರು. ಟೀ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ, ಹೊಗೆಯಿಂದ ಶ್ವಾಸಕೋಶಕ್ಕೆ ಏನಾಗುತ್ತೆ, ಮಕ್ಕಳ ಗತಿ ಏನು ಅಂತ ಎಲ್ಲ ಬಿಡಿಸಿ ಹೇಳಿದ್ರು. ಟೀ ಅಂಗಡಿಯವನೇ ಕಣ್ಣೊರೆಸ್ಕೊಂಡ. ಅವತ್ತು ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಎಲ್ಲರಿಗೂ ಟೀ ಹೇಳಿಬಿಟ್ಟೆ.

ಮೇಷ್ಟ್ರು ಎದ್ದು ಸ್ಕೂಟರ್ ಒದ್ದರು ನೋಡಿ, ಟೀ ಅಂಗಡಿ, ಬೆಂಚು, ಕೂತಿದ್ದ ಜನ ಎಲ್ಲ ಮಾಯ! ಬರೀ ಕೆಮ್ಮು ಕೇಳ್ತಿತ್ತು. ನಾನು ಓಡಿಹೋಗಿ, "ಸಾರ್, ಹೇಗೂ ಬಂದಿದೀರಲ್ಲ, ಒಂದು ಟೆಸ್ಟು ಮಾಡಿಸಿಬಿಡಿ" ಅಂದೆ.

"ಛೇ ಛೇ, ಇದು ಒಬ್ಬರೇ ಯಜಮಾನರು ಓಡಿಸಿರೋ ಗಾಡಿ ಕಣಪ್ಪಾ. ಕಾನೂನು ಬೇಕಾಗಿರೋದು ತಿಳಿವಳಿಕೆ ಇಲ್ಲದವರಿಗೆ" ಅಂದವರೇ ಹೊಗೆಯೊಳಗೇ ಹೊರಟುಹೋದ್ರು.

ಖಾಲಿ ಹೊಟ್ಟೆ

ಮಾಲೇಕಲ್ಲಿನ ಕಡೆಯ ರೈತನೊಬ್ಬ ಬೆಳಬೆಳಗ್ಗೆ ಮೊಪೆಡ್ ತಳ್ಕೊಂಡು ಬಂದ. ಮೈಯೆಲ್ಲ ಬೆವರು, ಉಸಿರು ಮೇಲಕ್ಕೂ ಕೆಳಕ್ಕೂ.

"ಕೆಟ್ಟೋಗಿದ್ಯೇನ್ರೀ?" ಅಂದೆ.

"ಇಲ್ಲ ಸ್ವಾಮಿ, ಚೆನ್ನಾಗೈತೆ. ಟೆಸ್ಟಿಗೆ ತಂದಿವ್ನಿ."

ಸ್ಟಾರ್ಟ್ ಮಾಡೋಕೆ ಹೋದ್ರೆ ಒಂದು ಸದ್ದೂ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಒಂದು ತೊಟ್ಟು ಪೆಟ್ರೋಲ್ ಇಲ್ಲ, ಒಣಗಿದ ಕೆರೆ ಥರ ಇದೆ.

"ನಾನೇ ರಾತ್ರಿ ಎಲ್ಲ ಬಗ್ಗಿಸಿ ತೆಗೆದೆ ಸ್ವಾಮಿ" ಅಂದ ಹೆಮ್ಮೆಯಿಂದ. "ನಮ್ಮವ್ವಂಗೆ ಸಕ್ಕರೆ ಕಾಯ್ಲೆ. ರಕ್ತದ ಟೆಸ್ಟಿಗೆ ಹೋಗೋವಾಗ ಏನೂ ತಿನ್ನಿಸಬ್ಯಾಡಿ ಅಂತಾರಲ್ವಾ ಡಾಕ್ಟ್ರು? ಅದ್ಕೇ ಖಾಲಿ ಹೊಟ್ಟೇಲಿ ತಂದೆ."

ನಗು ತಡ್ಕೊಂಡು, ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸ್ಕೊಂಡು ಬನ್ನಿ ಅಂತ ಕಳಿಸಿದೆ. ನಾಲ್ಕು ಹೆಜ್ಜೆ ಹೋದವನು ವಾಪಸ್ ಬಂದ.

"ಹಾಕಿಸಿದ ತಕ್ಷಣ ಬರ್ಲಾ, ಇಲ್ಲಾ ಎಲ್ಡು ಗಂಟೆ ಬುಟ್ಟು ಬರ್ಲಾ?"

ಅತ್ತೆಯ ಧೂಪ

ಆಯುಧಪೂಜೆ ಬಂದೇಬಿಡ್ತು. ಗಿರಾಕಿಗಳು ಇನ್ನೂ ಬೆರಳೆಣಿಕೆ. ಅಳಿಯನ ಕಷ್ಟ ನೋಡಲಾರದೆ ಅತ್ತೆ ತಾವೇ ಬಂದು ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಗಾಡಿಯ ಪೈಪಿಗೆ ಹಾಕೋ ಕೊಳವೆಯನ್ನ ತಟ್ಟೇಲಿಟ್ಟು ಧೂಪ ಹಾಕಿದ್ರು. ಮಿಷನ್ನು ಚಾಲೂ ಇತ್ತು. ಧೂಪವನ್ನ ಸರ್ರನೆ ಎಳ್ಕೊಂಡು ಕಿರ್ರ್ ಅಂತ ಒಂದು ಚೀಟಿ ಹೊರಗೆ ಹಾಕ್ತು: ಫೇಲ್.

ಅತ್ತೆ ಕೆನ್ನೆ ಕೆನ್ನೆ ಬಡ್ಕೊಂಡ್ರು. ಮಾವನಿಗೆ ಹಬ್ಬಕ್ಕೆ ಹಬ್ಬವೇ ಸಿಕ್ಕಿದಂಗಾಯ್ತು. ಟೀ ಅಂಗಡಿಯವರನ್ನೆಲ್ಲ ಕರೆದ್ರು. "ನೋಡ್ರಲಾ! ದೇವರ ಧೂಪಾನೇ ಫೇಲ್ ಮಾಡೋ ಮಿಷನ್ನಿದು! ಈಗ ನನ್ನ ಜೀಪು ತರ್ತೀನಿ. ಅದನ್ನೂ ಫೇಲ್ ಅಂದ್ರೆ ಮಿಷನ್ನೇ ಸುಳ್ಳು, ಇವತ್ತೇ ಶೆಡ್ಡು ಖಾಲಿ!"

ಮಾವನ ಜೀಪು

ಹಳೇಬೀಡಿನ ಕಡೆ ತೋಟಗಳಿಂದ ಕಾಯಿ ಹೊತ್ತೂ ಹೊತ್ತೂ ಮುದಿಯಾದ ಡೀಸೆಲ್ ಜೀಪು ಅದು. ದಿನಾ ಅದು ಬರ್ತಿದೆ ಅಂತ ಹೊಗೆ ನೋಡೇ ಗೊತ್ತಾಗ್ತಿತ್ತು. ನನ್ನ ಕಥೆ ಮುಗೀತು ಅಂದ್ಕೊಂಡೆ. ಸುಳ್ಳು ಚೀಟಿ ಕೊಡೋಕೆ ಮನಸ್ಸು ಒಪ್ಪಲ್ಲ, ಫೇಲ್ ಅಂದ್ರೆ ಮಂಡೀಲಿ ಮಾವನ ಎದುರು ಆಸನ.

ಜೀಪು ಬಂತು. ಬಾಳೆಕಂದು, ಚೆಂಡುಹೂವಿನ ಹಾರ. ಆಶ್ಚರ್ಯ ಅಂದ್ರೆ ಹೊಗೆ ಕಾಣ್ತಿಲ್ಲ! ಬರೀ ಗೊರಗೊರ ಅಂತ ಒಂಥರಾ ಸದ್ದು. ಡ್ರೈವರ್ ನನ್ನ ಕಿವೀಲಿ ಹೇಳಿದ: "ಸೈಲೆನ್ಸರಿಗೆ ತೆಂಗಿನ ನಾರು ನೆನೆಸಿ ತುರುಕಿದೀವಿ ಸಾರ್. ಹೊಗೆ ಸೋಸ್ಕೊಂಡು ಬರ್ಲಿ ಅಂತ ಯಜಮಾನ್ರದೇ ಐಡಿಯಾ."

"ಮಾವ, ಅದನ್ನ ತೆಗೆಸಿ, ಅಪಾಯ" ಅಂದೆ.

"ಹೊಟ್ಟೆಕಿಚ್ಚು ನಿಮಗೆ!" ಅಂದವರೇ ಮಾವ ಹಬ್ಬದ ಬಿಳೀ ಪಂಚೆ, ಬಿಳೀ ಶರಟಿನಲ್ಲಿ ಪೈಪಿನ ಹಿಂದೇನೇ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತ್ರು. "ನೋಡ್ರಲಾ, ಎಲ್ಲೈತೆ ಹೊಗೆ? ಏಯ್, ತುಳಿಯೋ ಆಕ್ಸಿಲರೇಟರು! ಪೂರ್ತಿ ತುಳಿಯೋ!"

ಡ್ರೈವರ್ ತುಳಿದ.

ಢಂ! ನಾರಿನ ಉಂಡೆ ಹಾರಿ ಮಾವನ ಹೊಟ್ಟೆಗೆ ಬಡೀತು. ಅದರ ಹಿಂದೇನೇ ಜೀಪು ಹುಟ್ಟಿದಾಗಿನಿಂದ ಒಳಗೆ ಕೂಡಿಟ್ಟಿದ್ದ ಮಸಿಯೆಲ್ಲ ಒಂದೇ ಸಲ ಹೊರಗೆ ಬಂತು. ಕಪ್ಪು ಮೋಡ ಕರಗಿದ ಮೇಲೆ ನೋಡಿದ್ರೆ ಮಾವ ನಿಂತ ಜಾಗದಲ್ಲೇ ನಿಂತಿದ್ರು. ಕಣ್ಣು ಎರಡೂ ಬಿಟ್ರೆ ಬೆಳ್ಳಗಿರೋದು ಏನೂ ಉಳಿದಿರಲಿಲ್ಲ. ನಗೋಕೆ ಯಾರಿಗೂ ಧೈರ್ಯ ಬರ್ಲಿಲ್ಲ.

ಕೊಳವೆ ಹಾಕಿ ಟೆಸ್ಟು ಮಾಡಿದೆ. ಚೀಟಿ ನೋಡಿ ನನಗೇ ನಂಬಿಕೆ ಬರ್ಲಿಲ್ಲ. ಮಸಿಯೆಲ್ಲ ಖಾಲಿಯಾಗಿ ಜೀಪು ಪಾಸ್!

ಮಾವ ಚೀಟಿ ಕಿತ್ಕೊಂಡು ಎಲ್ಲರಿಗೂ ಎತ್ತಿ ತೋರಿಸಿದ್ರು. "ಮಿಷನ್ನು ಸತ್ಯ ಹೇಳ್ತದೆ ಕಣ್ರಲಾ! ನಾಳೆಯಿಂದ ಎಲ್ಲರೂ ಗಾಡಿ ಇಲ್ಲೇ ತರ್ಬೇಕು, ಕಡ್ಡಾಯ! ಶೆಡ್ಡು ನಿಮ್ದೇ ಅಳಿಯಂದ್ರೇ. ನಾನು ಮೊದ್ಲೇ ಹೇಳ್ಲಿಲ್ವಾ, ನನ್ನ ಜೀಪಲ್ಲಿ ಹೊಗೆ ಇಲ್ಲ ಅಂತ?"

ಅತ್ತೆ ಸೆರಗಿನಿಂದ ಮೂಗು ಮುಚ್ಕೊಂಡು ಮುಂದೆ ಬಂದ್ರು.

"ಜೀಪಲ್ಲಿ ಇಲ್ಲ, ನಿಮ್ಮ ಮೈಮೇಲೈತೆ. ಬಚ್ಚಲಿಗೆ ನಡೀರಿ."