ಆರ್ಡಿಸಳ ಬಿಸಿನೀರಿನ ಸ್ನಾನ

ಸ್ಕೂಲ್ ಬಸ್ಸಿನ ಇಂಜಿನ್ನನ್ನೇ ಬಿಚ್ಚಿ ಜೋಡಿಸಿದ ಈ ಮೆರ್ಲಿನ್ ಟೋಸ್ಟ್ರುಡ್‌ಗೆ ನೀರು ಕಾಯಿಸುವ ಒಂದು ತಗಡಿನ ಡಬ್ಬ ಯಾವ ಲೆಕ್ಕ? ಹಾಗಂತ ನನ್ನ ಹೆಂಡತಿ ಆರ್ಡಿಸ್ ಎದುರು ಎದೆಯುಬ್ಬಿಸಿ ಹೇಳಿಬಿಟ್ಟೆ.

ಆಗ ಅಕ್ಟೋಬರಿನ ಕೊನೆ. ಮಿನೆಸೋಟಾದ ಗಾಳಿಗೆ ಆಗಲೇ ಹಲ್ಲು ಮೊಳೆತಿತ್ತು. ಪಿಕಪ್ ಹಿಂದೆ ಎಳೆದುಕೊಂಡು ಬಂದ ನಮ್ಮ ಟ್ರೈಲರ್ ಮನೆ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಬೇಸಿಗೆಯಿಂದ ನಿಂತಿತ್ತು. ಅಂದು ಬೆಳಿಗ್ಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇನ್ನು ಔಷಧ ನಾಟುವುದಿಲ್ಲ, ಊರಿಗೆ ಹೋಗಿ ನೆಮ್ಮದಿಯಾಗಿರಿ ಎಂದಿದ್ದರು. ಆರ್ಡಿಸ್ ಅವರಿಗೆ ಥ್ಯಾಂಕ್ಸ್ ಹೇಳಿದಳು. ಟ್ರೈಲರಿಗೆ ಬಂದು ಕಂಬಳಿ ಹೊದ್ದು ಕೂತಳು.

"ನಂಗೊಂದು ಬಿಸಿನೀರಿನ ಸ್ನಾನ ಬೇಕು ಮಾರಾಯ. ಆಸ್ಪತ್ರೆ ವಾಸನೆ ಹೊತ್ಕೊಂಡು ನಾನು ಊರಿಗೆ ಬರಲ್ಲ."

ಟ್ರೈಲರಿನ ಹೊರಗೋಡೆಯಲ್ಲಿ ಹುದುಗಿಸಿದ್ದ ಹೀಟರ್ ನೋಡಿದರೆ ತಳ ತುಕ್ಕು ಹಿಡಿದು ತೊಟತೊಟನೆ ಸೋರುತ್ತಿದೆ.

"ಯಾರನ್ನಾದ್ರೂ ಕರ್ಸು" ಎಂದಳು.

"ಯಾಕೆ, ನಾನೇನು ಸತ್ತಿದೀನಾ?" ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡೆ.

"ನಿನ್ ಸರದಿ ಆಮೇಲೆ. ಈಗ ಹೀಟರ್ ನೋಡು."

ಹೊಸ ಹೀಟರ್ ತಂದೆ. ಹಳೆಯದನ್ನು ಖಾಲಿ ಮಾಡಲು ಅಡಿಯ ಬಿರಡೆ ತಿರುಗಿಸಿದೆ. ಮೊದಲು ಒಳಗಿನ ಒತ್ತಡ ಬಿಡಬೇಕೆಂದು ಗೊತ್ತಿರಲಿಲ್ಲ ಅಂತಲ್ಲ. ಅವತ್ತು ನನ್ನ ತಲೆ ನನ್ನ ಬಳಿ ಇರಲಿಲ್ಲ. ಬಿರಡೆ ಗುಂಡಿನಂತೆ ಹಾರಿ ಪಕ್ಕದ ಟ್ರೈಲರಿನವರ ಬಕೆಟ್ಟಿಗೆ ಬಡಿಯಿತು. ಹಿಂದೆಯೇ ಉಗುರುಬೆಚ್ಚಗಿನ ತುಕ್ಕುನೀರು ಕೊರಳಿಂದ ಬೂಟಿನವರೆಗೆ ನನಗೆ ಅಭಿಷೇಕ ಮಾಡಿತು.

"ನಿನ್ ಸ್ನಾನ ಆಯ್ತಾ?" ಎಂದು ಒಳಗಿಂದ ದನಿ ಬಂತು. "ನಂದು ಯಾವಾಗ?"

ಹಠ ಬಂತು. ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಹೀಟರ್ ಅಲುಗಲಿಲ್ಲ. ಟ್ರೈಲರಿಗೆ ಕಾಲು ಕೊಟ್ಟು ಜಗಜಟ್ಟಿಯಂತೆ ಎಳೆದೆ. ಬಂತು, ಜೊತೆಗೆ ಗೋಡೆಯ ತಗಡೂ ಒಂದಷ್ಟು ಬಂತು. ಹೀಟರನ್ನು ಕೂಸಿನ ಹಾಗೆ ಎದೆಗಪ್ಪಿಕೊಂಡು ಕೆಸರಿನಲ್ಲಿ ಅಂಗಾತ ಬಿದ್ದೆ. ಆರ್ಡಿಸ್ ಒಳಗೆ ಹೀಟರಿನ ಜಾಗದ ಮೇಲಿದ್ದ ಮಂಚದ ಹಲಗೆ ಎತ್ತಿ, ಗೋಡೆಯ ತೂತಿನ ಆಚೆಯಿಂದ ಇಣುಕಿದಳು. ಕೂದಲುದುರಿದ ತಲೆಯ ಮೇಲೆ ಉಣ್ಣೆಯ ಟೋಪಿ ಕಣ್ಣಿನವರೆಗೆ ಜಾರಿತ್ತು.

"ಕಿಟಕಿ ಚೆನ್ನಾಗಿದೆ. ಯಾವ ಬಣ್ಣದ ಪರದೆ ಹಾಕೋಣ?"

"ನಗ್ಬೇಡ. ಗಾಳಿ ಬರುತ್ತೆ, ಹಿಂದೆ ಸರಿ."

"ಬರ್ಲಿ ಬಿಡು. ನೀನು ಬಿದ್ದಿರೋದು ಇಲ್ಲಿಂದ ಚೆನ್ನಾಗಿ ಕಾಣುತ್ತೆ."

ನಕ್ಕಳು. ನಗು ಕೆಮ್ಮಾಯಿತು. ಅದು ನಿಲ್ಲುವವರೆಗೆ ಏನು ಮಾಡಬೇಕೆಂದು ತಿಳಿಯದೆ, ಹೀಟರ್ ತಬ್ಬಿಕೊಂಡು ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹೊಸದನ್ನು ಕೂರಿಸಿದೆ. ಪೈಪು ಸೇರಿಸಿ, ಹರಿದ ಗೋಡೆಗೆ ಟೇಪು ಅಂಟಿಸಿ, ಮಹಾರಾಜನ ಗತ್ತಿನಲ್ಲಿ ನಲ್ಲಿ ತಿರುಗಿಸಿದೆ. ಹೋದ ನೀರೆಲ್ಲ ಅಡಿಯಿಂದ ನೆಲಕ್ಕೆ. ಹೊಸ ಬಿರಡೆ ನನ್ನ ಜೇಬಿನಲ್ಲೇ ಇತ್ತು.

"ಏನದು ಸದ್ದು?"

"ಪರೀಕ್ಷೆ ಮಾಡ್ತಿದೀನಿ."

"ಪಾಸಾಯ್ತಾ?"

"ಇನ್ನೊಂದ್ಸಲ ಬರೀಬೇಕು."

ಅಂತೂ ಕೊನೆಗೆ ಬಚ್ಚಲಿನಲ್ಲಿ ಹಬೆಯಾಡಿತು. ಅವಳನ್ನು ಕೈಹಿಡಿದು ಒಯ್ದು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲಾಚೆ ಟವೆಲ್ ಹಿಡಿದು ನಿಂತೆ. ನೀರು ಬಿದ್ದ ಸದ್ದು. ಅದರ ಹಿಂದೆಯೇ ಅವಳು "ಆಹಾ" ಎಂದಳು. ಆ ದನಿ ಕೇಳಿ ಎಷ್ಟು ಕಾಲವಾಗಿತ್ತೋ. ನನಗೇನಾಯಿತೋ, ಟವೆಲನ್ನು ಮುಖಕ್ಕೆ ಒತ್ತಿಕೊಂಡೆ. ನೀರಿನ ಸದ್ದಿನಲ್ಲಿ ಅವಳಿಗೇನು ಕೇಳಿಸೀತು ಎಂಬ ಧೈರ್ಯ.

ನೀರು ನಿಂತದ್ದು ಯಾವಾಗಲೋ, ನನಗೆ ಗಮನವೇ ಇಲ್ಲ. ಒಳಗೆ ಸದ್ದಿಲ್ಲ. ಗಾಬರಿಯಾಗಿ ಬಾಗಿಲು ಬಡಿದೆ.

"ಆರ್ಡಿಸ್, ಬಿಸಿನೀರು ಖಾಲಿ ಆಯ್ತಾ?"

"ಆಗಿ ಎಷ್ಟು ಹೊತ್ತಾಯ್ತು."

"ಮತ್ತೆ ಒಳಗೇನ್ ಮಾಡ್ತಿದೀಯ?"

"ನೀನು ಅತ್ತು ಮುಗಿಸ್ಲಿ ಅಂತ ಕಾಯ್ತಿದೀನಿ. ಆಗಿದ್ರೆ ಬೇರೆ ಟವೆಲ್ ಕೊಡು. ಅದು ಒದ್ದೆ ಆಗಿರುತ್ತೆ."