ರಾಷ್ಟ್ರಪತಿ ಅಭ್ಯರ್ಥಿಯ ಹರ್ನಿಯಾ

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಚೀಟಿ ಮಾಡಿಸಿಕೊಂಡು ತಾವಾಗಿಯೇ ಒಳಗೆ ಬರುತ್ತವೆ. ನಾನು ಬೆಳಗಾವಿಯಲ್ಲಿ ಮೇಟ್ರನ್ ಆಗಿದ್ದಾಗ ಹಾಗೆ ಬಂದವು ಬಹಳ. ಇಲ್ಲಿ ಒಬ್ಬನೇ ರೋಗಿಯ ಸುತ್ತ ನಡೆದವನ್ನಷ್ಟೇ ಬರೆಯುತ್ತೇನೆ. ಹೆಸರು ಹೇಳುವುದಿಲ್ಲ, ರೋಗಿಯ ಹೆಸರು ವಾರ್ಡು ದಾಟಬಾರದೆಂದು ನರ್ಸಿಂಗ್ ಹುಡುಗಿಯರಿಗೆ ಕಲಿಸಿದವಳೇ ನಾನು.

ಯಾವ ಚುನಾವಣೆ

ರೋಗಿ ಖಾನಾಪುರ ತಾಲೂಕಿನ ನಂದಗಡದವರು, ನಿವೃತ್ತ ಡ್ರಿಲ್ ಮಾಸ್ತರರು. ಹರ್ನಿಯಾವನ್ನು ವರ್ಷಗಟ್ಟಲೆ ಪಟ್ಟಿ ಕಟ್ಟಿಕೊಂಡು ಸಾಕಿದ್ದರು. ನಮ್ಮ ಸರ್ಜನ್ ಮುಟ್ಟಿ ನೋಡಿ, "ಇನ್ನು ತಡ ಮಾಡುವ ಹಾಗಿಲ್ಲ. ಕರುಳು ಸಿಕ್ಕಿಕೊಂಡರೆ ನಂದಗಡದಿಂದ ಇಲ್ಲಿಗೆ ತರುವಷ್ಟರಲ್ಲಿ ಜೀವಕ್ಕೆ ಬರುತ್ತದೆ" ಎಂದು ಹೇಳಿ ಆಪರೇಶನ್ನಿಗೆ ಸೇರಿಸಿಕೊಂಡರು. ಮಾಸ್ತರರು ಮಂಚದ ಮೇಲೆ ಕೂತರೇ ವಿನಾ ಒಪ್ಪಲಿಲ್ಲ.

"ಮುಂದಿನ ತಿಂಗಳ ನೋಡೂಣ್ರಿ ಬಾಯಾರ. ಈಗ ಚುನಾವಣಿ ಐತಿ."

"ಪಂಚಾಯತಿದೋ, ಸೊಸೈಟಿದೋ?"

"ರಾಷ್ಟ್ರಪತಿದು. ನಾ ನಿಂತೀನಿ."

ನಾನು ಅವರ ಬಾಯಿಗೆ ಥರ್ಮಾಮೀಟರ್ ಇಟ್ಟೆ. ಜ್ವರ ಇರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ, "ಜ್ವರ ಅಲ್ಲರಿ ಅದು, ಇಳಿಯಾಕ" ಎಂದರು.

ಹುಲ್ಲು

ಮಾಸ್ತರರು ಗ್ರಾಮ ಪಂಚಾಯತಿಗೆ ನಿಂತು ಸೋತಿದ್ದರು, ಸೊಸೈಟಿಗೆ ನಿಂತು ಸೋತಿದ್ದರು. ಹಾಗಿರುವಾಗ ಇಷ್ಟು ದೊಡ್ಡದಕ್ಕೆ ಕೈ ಹಾಕಿದ್ದೇಕೆಂದು ನಾನು ಕೇಳಿದೆ.

"ಊರಾಗ ಎಲ್ಲಾರಿಗೂ ನನ್ನ ಗುರ್ತ ಐತ್ರಿ. ಅದಕ್ಕ ಸೋಲತೀನಿ. ದಿಲ್ಲ್ಯಾಗ ಯಾರಿಗೂ ಇಲ್ಲ."

ಕಾರಣ ಇನ್ನೊಂದೂ ಇತ್ತು. ಅವರದು ಕುರಿ ಕಾಯುವ ಮನೆತನ. ಶಾಲೆಯ ಕಬಡ್ಡಿ ತಂಡವನ್ನು ಒಮ್ಮೆ ದಿಲ್ಲಿಗೆ ಕರೆದುಕೊಂಡು ಹೋದಾಗ ದೊಡ್ಡ ದೊಡ್ಡ ಬಂಗಲೆಗಳ ಅಂಗಳದಲ್ಲಿ ಯಂತ್ರದಿಂದ ಹುಲ್ಲು ಕತ್ತರಿಸಿ ಚೆಲ್ಲುವುದನ್ನು ಕಂಡಿದ್ದರು. ಉಳಿದವರು ಕಟ್ಟಡ ನೋಡಿ ಬಂದರೆ ಇವರು ಹುಲ್ಲು ನೋಡಿ ಬಂದರು. ತಾವು ರಾಷ್ಟ್ರಪತಿಯಾದರೆ ಮೊದಲನೆಯ ದಿನವೇ ಆ ಅಂಗಳಕ್ಕೆಲ್ಲ ಕುರಿ ಬಿಡುವುದಾಗಿ ಅವರ ಘೋಷಣೆ.

ಹುಡುಗಿಯರು ಮುಖ ತಿರುಗಿಸಿ ನಕ್ಕರು. ನನಗೂ ನಗು ಬಂತು. ಮಾಸ್ತರರು ಸಿಟ್ಟಾಗಲಿಲ್ಲ.

"ನಗ್ರಿ. ನಮ್ಮ ಅಪ್ಪ ಹುಲ್ಲ ಹುಡುಕ್ಕೋತ ಊರೂರು ಅಡ್ಡಾಡಿದಾವ. ಯಾರರ ಬೇಲಿ ದಾಟಿದ್ರ ಬಡಿಸ್ಕೊಂಡಾವ. ಒಂದ ದಿವಸರ ನಮ್ಮ ಕುರಿ ದೊಡ್ಡವರ ಅಂಗಳದಾಗ ಮೇಯಬೇಕು."

ಆಮೇಲೆ ವಾರ್ಡಿನಲ್ಲಿ ಯಾರೂ ನಗಲಿಲ್ಲ. ಎದುರು ಮಂಚದ ರೋಗಿ ಮೆಲ್ಲಗೆ ಕೇಳಿದ: "ಮಾಸ್ತರ, ಎಮ್ಮಿನೂ ಬಿಡಬಹುದೇನ್ರಿ?"

ಬೆಂಬಲಿಗರು

ಈ ಅಭ್ಯರ್ಥಿಗೆ ಬೆಂಬಲಿಗರೂ ಇದ್ದರು. ಅವರೆಲ್ಲ ಇಂಟರ್ನೆಟ್ಟಿನಲ್ಲಿದ್ದರು ಎನ್ನುವುದೊಂದೇ ತೊಡಕು.

ಅವರ ನಾಯಕ ಮಾಸ್ತರರ ಹಳೆಯ ವಿದ್ಯಾರ್ಥಿ. ರವಿವಾರ ಪೇಟೆಯಲ್ಲಿ ತಂದೆಯ ಬೆಲ್ಲದ ಅಂಗಡಿಗೆ ನಡುವೆ ಗೋಡೆ ಹಾಕಿ ಅರ್ಧದಲ್ಲಿ ಊರಿಗೆ ಆಗಿನ್ನೂ ಹೊಸದಾಗಿದ್ದ ಸೈಬರ್ ಕೆಫೆ ತೆರೆದಿದ್ದ. ಮಾಸ್ತರರ ಹುಲ್ಲಿನ ಭಾಷಣವನ್ನು ಅಲ್ಲಿಂದ ಒಂದು ಇ-ಮೇಲ್ ಗ್ರೂಪಿಗೆ ಬರೆದು ಹಾಕಿದ್ದ. ಪುಣೆಯವರು, ಹುಬ್ಬಳ್ಳಿಯವರು, ದುಬೈಯಲ್ಲಿ ಕೆಲಸಕ್ಕಿದ್ದವರು, ಇಲ್ಲೇ ಅನಗೋಳದ ಕಾಲೇಜು ಹುಡುಗರು ಅದನ್ನು ಓದಿ ಮಾಸ್ತರರನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಮಾಸ್ತರರು ಕಂಪ್ಯೂಟರನ್ನು ಕಣ್ಣಿನಿಂದ ಕಂಡವರಲ್ಲ. ಕೆಫೆಯವನು ದಿನವೂ ಸಂಜೆ ಬಂದು ಆ ಬೆಂಬಲಿಗರ ಮೇಲ್‌ಗಳನ್ನು ಕಾಗದದ ಮೇಲೆ ತೆಗೆದು ತಂದು ಓದಿ ಹೇಳುತ್ತಿದ್ದ. ಕನ್ನಡ, ಮರಾಠಿ ಎರಡೂ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತಿದ್ದವು.

ಭೇಟಿಯ ಹೊತ್ತು ಮೀರಿದ್ದಕ್ಕೆ ಒಂದು ದಿನ ಅವನನ್ನು ಹೊರಗೆ ಕರೆದು ನಿಲ್ಲಿಸಿದೆ.

"ಈ ಚುನಾವಣೆಗೆ ಮತ ಹಾಕೋರು ಯಾರು ಅನ್ನೋದು ಗೊತ್ತೈತೇನು?"

"ಎಲ್ಲಾರೂ ಅಲ್ಲೇನ್ರಿ?"

"ಅಲ್ಲ. ಎಂ.ಪಿ.ಗಳು, ಎಂ.ಎಲ್.ಎ.ಗಳು. ನಾಮಪತ್ರಕ್ಕೂ ಅವರ ಸಹಿ ಬೇಕು."

ಅವನು ಗೋಡೆಗೆ ಆತು ನಿಂತ. "ಹಂಗಾದ್ರ ಅವರಿಗೆಲ್ಲಾ ಇ-ಮೇಲ್ ಹಾಕ್ತೀವ್ರಿ."

"ಅವರ ಹತ್ರ ಕಂಪ್ಯೂಟರ್ ಅದಾವೇನು?"

"ಇರಲಿಕ್ಕಿಲ್ಲರಿ."

"ಮತ್ತ?"

"ಅದು ಅವರ ತಪ್ಪರಿ."

ಬೆಳಗಿನವನು, ಸಂಜೆಯವನು

ನಗುವ ಮಾತು ಅಲ್ಲಿಗೆ ಮುಗಿಯಿತು. ಆ ಬೆಂಬಲಿಗರು ತಮ್ಮ ತಮ್ಮೊಳಗೇ ಮತ ಹಾಕಿ, ನಾಮಪತ್ರ ಸಲ್ಲಿಸುವವರೆಗೆ ಸಾಹೇಬರು ಆಪರೇಶನ್ ಮಾಡಿಸಿಕೊಳ್ಳಬಾರದೆಂದು ತೀರ್ಮಾನಿಸಿದರು. ಮಾಸ್ತರರು ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು, "ಜನಾದೇಶ ಐತ್ರಿ" ಎಂದು ಸರ್ಜನ್‌ರನ್ನೇ ವಾಪಸು ಕಳಿಸಿದರು. ಮರುದಿನ ಅವರಿಗೆ ನೋವು ಬಂತು, ಹೇಗೋ ಇಳಿಯಿತು. ಇನ್ನೊಮ್ಮೆ ಬಂದರೆ ಇಳಿಯುವ ಭರವಸೆ ಇಲ್ಲವೆಂದರು ಸರ್ಜನ್. ಅವರ ಹೆಂಡತಿ ವರಾಂಡದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು.

ಡ್ಯೂಟಿ ಮುಗಿಸಿ ನಾನೇ ರವಿವಾರ ಪೇಟೆಗೆ ಹೋದೆ. ಪರದೆ ಕಟ್ಟಿದ ಸಣ್ಣ ಸಣ್ಣ ಗೂಡುಗಳು, ಬೆಲ್ಲದ ವಾಸನೆ, ಕಂಪ್ಯೂಟರಿನ ಮೇಲೆ ನೊಣ. ಕೆಫೆಯವನು ಕುರ್ಚಿ ಒರೆಸಿ, "ಕುಂದರ್ರಿ ಬಾಯಾರ" ಎಂದು ಗ್ರೂಪನ್ನು ತೆರೆದು ತೋರಿಸಿದ. ಅಲ್ಲಿ 'ಸತ್ಯವಾದಿ' ಎಂಬವನೊಬ್ಬ ಮಾಸ್ತರರನ್ನು ದಿನವೂ ಬೆಳಗ್ಗೆ ಹಿಗ್ಗಾಮುಗ್ಗಾ ಬೈದಿದ್ದ. ಉಳಿದವರು ಅವನ ಮೇಲೆ ಬಿದ್ದು ಹೊಡೆದಾಡಿದ್ದರು.

"ಯಾರು ಈ ಮನುಷ್ಯ? ವಯಸ್ಸಾದವರಿಗೆ ಇಂಥಾ ಮಾತಾಡತಾನ."

ಅವನು ಕತ್ತು ಕೆರೆದುಕೊಂಡ. "ನಾನರಿ."

"ನೀನಾ? ನೀನು ಅವರ ಪಕ್ಷದಾವ ಅಲ್ಲೇನು?"

"ಖರೇ ಪಕ್ಷದಾವರಿ. ಆದ್ರ ಬೈಯಾವ ಒಬ್ಬ ಇಲ್ಲಂದ್ರ ಮಂದಿಗಿ ಹುರುಪ ಬರಂಗಿಲ್ರಿ, ಕ್ಯಾಬಿನ್ ಖಾಲಿ ಬೀಳ್ತಾವ. ಮುಂಜಾನೆ ನಾ ಬೈತೀನಿ. ಸಂಜಿಕ ಬ್ಯಾರೆ ಹೆಸರ್ಲೆ ನಾನ ಉತ್ತರ ಕೊಡ್ತೀನಿ."

"ಇಬ್ಬರಾಗ ಯಾರು ಗೆಲ್ಲಾಕತ್ತಾರ?"

ಅವನು ಸತ್ಯವನ್ನೇ ಹೇಳಿದ. "ಮುಂಜಾನಿಯಾವ ಸ್ವಲ್ಪ ಜೋರ ಅದಾನ್ರಿ."

ನನ್ನ ಸೂಚನೆ

ಅವನನ್ನು ಎಬ್ಬಿಸಿ ನಾನು ಕೂತೆ. ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿತದ್ದು ಆ ದಿನ ಉಪಯೋಗಕ್ಕೆ ಬಂತು. ವಾರ್ಡಿನ ಗೋಡೆಗೆ ಅಂಟಿಸುವ ಸೂಚನೆಯಂತೆಯೇ ಬರೆದೆ: ಕರುಳಿಗೆ ನಾಮಪತ್ರದ ದಿನಾಂಕ ತಿಳಿಯುವುದಿಲ್ಲ. ಈ ರೋಗಿಗೆ ತಕ್ಷಣ ಆಪರೇಶನ್ ಆಗಬೇಕು. ಅವರ ಮೇಲೆ ಪ್ರೀತಿ ಇರುವವರು ಹಾಗೆಂದು ಅವರಿಗೆ ತಿಳಿಸಬೇಕು. ಪ್ರೀತಿ ಇಲ್ಲದವರು ಸುಮ್ಮನಿರಬೇಕು. ಕೆಳಗೆ ಹುದ್ದೆ ಹಾಕಿದೆ: ಮೇಟ್ರನ್.

ನನಗೂ ಬೈಗುಳ ಬರಬಹುದೆಂದುಕೊಂಡಿದ್ದೆ. ಮರುದಿನ ಸಂಜೆ ಕೆಫೆಯವನು ಕಾಗದ ಹಿಡಿದು ಬಂದು ಮಂಚದ ಹತ್ತಿರ ನಿಂತು ಓದಿದ. ನನ್ನ ಸೂಚನೆ ಅವರಿಗೆಲ್ಲ ಬಹಳ ಹಿಡಿಸಿತ್ತು. ದೇಶಕ್ಕೆ ಬೇಕಾದ ದನಿ ಇದೇ ಎಂದು ದುಬೈಯವರು ಬರೆದಿದ್ದರು. ಸಾಹೇಬರ ಪ್ರಕೃತಿ ನೆಟ್ಟಗಿಲ್ಲದ್ದರಿಂದ ಅವರ ಜಾಗದಲ್ಲಿ ಮೇಟ್ರನ್ ಬಾಯಿಯವರನ್ನು ನಿಲ್ಲಿಸಬೇಕೆಂದು ಪುಣೆಯವರು ಸೂಚಿಸಿದ್ದರು. ಮತಕ್ಕೆ ಹಾಕಿ, ಪಾಸೂ ಆಗಿತ್ತು.

"ನನ್ನ ಒಂದ ಮಾತ ಕೇಳದ?" ಎಂದೆ.

"ಮಾಸ್ತರ್ನೂ ಕೇಳಿಲ್ರಿ" ಎಂದ ಅವನು.

ಮಾಸ್ತರರು ಕನ್ನಡಕ ಹಾಕಿಕೊಂಡು, ಕಾಗದವನ್ನು ದೂರ ಹಿಡಿದು, ತಾವೇ ಪೂರ್ತಿ ಓದಿದರು. ಮುಖ ಸಣ್ಣದಾಯಿತು. ಊರಿನವರು ಬೇಡವೆಂದ ಮನುಷ್ಯನನ್ನು ಎಲ್ಲೋ ಇದ್ದವರು, ಮುಖ ಕಾಣದವರು, ಬೇಕೆಂದಿದ್ದರು. ಈಗ ಅವರೂ ಕೈ ಬಿಟ್ಟರು. ಗೆಲ್ಲಲಾರದವನಿಗೂ ತನ್ನ ಹೆಸರು ಹಿಡಿದು ಜಗಳಾಡುವವರು ನಾಲ್ಕು ಮಂದಿ ಬೇಕಾಗುತ್ತಾರೆ. ಅದು ಆ ಮುಖ ನೋಡಿದಾಗ ನನಗೆ ತಿಳಿಯಿತು. ನಾನು ನಿಲ್ಲುವುದಿಲ್ಲವೆಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅವರೇ ಕಾಗದ ಮಡಚಿ ಕೇಳಿದರು: "ನಾಳೆ ಕೊಯ್ದ್ರ ಎಂದ ಎದ್ದ ಅಡ್ಡಾಡಬಹುದ್ರಿ?"

"ವಾರದಾಗ."

"ಹಂಗಾದ್ರ ಡಾಕ್ಟರಿಗೆ ಹೇಳ್ರಿ, ಮುಂಜಾನೆ ಎದ್ದ ಕೂಡ್ಲೆ ಕೊಯ್ಯಲಿ. ಬಾಯಾರ ಎದುರಿಗೆ ನಿಂದರೂದಂದ್ರ ಮೈ ಗಟ್ಟಿ ಇರಬೇಕು."

ನಾನು ತೆರೆದ ಬಾಯಿ ಮುಚ್ಚಿದೆ.

ದಿಂಬಿಲ್ಲದ ಅಭ್ಯರ್ಥಿ

ಆಪರೇಶನ್ ಚೆನ್ನಾಗಿಯೇ ಆಯಿತು. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತೆಂದರು ಸರ್ಜನ್. ಚುನಾವಣೆಗೆ ಮಾಸ್ತರರೂ ನಿಲ್ಲಲಿಲ್ಲ, ನಾನಂತೂ ನಿಲ್ಲಲಿಲ್ಲ. ಸಹಿ ಹಾಕುವ ಒಬ್ಬ ಶಾಸಕರೂ ಸಿಗಲಿಲ್ಲ. ಅದು ಆಮೇಲಿನ ಮಾತು.

ಆ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಶನ್ ಮಾಡಿದ್ದರಿಂದ ಸಂಜೆಯವರೆಗೆ ದಿಂಬಿಲ್ಲದೆ ಮಲಗಬೇಕಿತ್ತು, ತಲೆ ಎತ್ತುವಂತಿರಲಿಲ್ಲ. ಎತ್ತಿದರೆ ದಿನಗಟ್ಟಲೆ ತಲೆನೋವು. ಮಾಸ್ತರರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಕೆಫೆಯವನು ಬಂದನೋ ಎಂದು ಬಾಗಿಲು ನೋಡಲು ತಲೆ ಎತ್ತುವುದೇ ಎತ್ತುವುದು. ನರ್ಸುಗಳು ಹೇಳಿದರು, ಸರ್ಜನ್ ಗದರಿದರು, ಹೆಂಡತಿ ಕೈ ಮುಗಿದರು. ಯಾರ ಮಾತೂ ನಡೆಯಲಿಲ್ಲ. ಕಡೆಗೆ ನನ್ನನ್ನು ಕರೆದರು.

ನಾನು ಮಂಚದ ಪಕ್ಕ ನಿಂತೆ. "ಮಾಸ್ತರ, ಇನ್ನೊಮ್ಮೆ ತಲಿ ಎತ್ತಿದ್ರ ನಾ ನಾಮಪತ್ರ ಹಾಕತೀನಿ."

ತಲೆ ಹಾಸಿಗೆಗೆ ಇಳಿಯಿತು. ಸಂಜೆಯವರೆಗೆ ಅವರು ಮೇಲಿನ ಫ್ಯಾನನ್ನು ನೋಡುತ್ತ, ಫೋಟೋ ತೆಗೆಸಿಕೊಳ್ಳುವವರಂತೆ ಅಲುಗಾಡದೆ ಮಲಗಿದ್ದರು.

ನಾನು ಹೊರಗೆ ಬಂದಾಗ ಅವರ ಹೆಂಡತಿ ಹಿಂದೆಯೇ ಬಂದರು. ಅತ್ತಿತ್ತ ನೋಡಿ, ನನ್ನ ಹತ್ತಿರ ಸರಿದು, ಮೆತ್ತಗೆ ಕೇಳಿದರು:

"ಬಾಯಾರ, ಮನ್ಯಾಗೂ ಹಿಂಗ ಮಾತ ಕೇಳಬೇಕಂದ್ರ ನಾ ಯಾವ ಚುನಾವಣಿಗಿ ನಿಂದರಬೇಕ್ರಿ?"